ಗವಿಯ ಮುಂದಿದ್ದ ರಟ್ಟಿನ ಡಬ್ಬ

(ಅಸ್ಸಿಸಿಯ ಸಂತ ಫ್ರಾನ್ಸಿಸ್ಸರ ಹಬ್ಬವಾದ ಅಕ್ಟೋಬರ್ 4ರಂದು ಚಿಕ್ಕಬಾಣಾವರದಲ್ಲಿ, ಪ್ರಾಣಿಗಳ ಆಶೀರ್ವಾದಕ್ಕೆ ಮುನ್ನ ನೀಡಿದ ಪ್ರಬೋಧನೆ)



ಇಂದಿನ ಬಲಿಪೂಜೆಯಲ್ಲಿ ಎಂದಿಗಿಂತ ಹೆಚ್ಚು ಸದ್ದು ಇದೆ. ಹೊರಗೆ ಹೊಂಗೆ ಮರದ ನೆರಳಲ್ಲಿ ಕಟ್ಟಿರುವ ನಾಯಿಗಳು ನಮ್ಮ ಗಾಯನವೃಂದದ ಜೊತೆ ಸ್ಪರ್ಧೆಗೆ ಇಳಿದಿವೆ. ಹಿಂದಿನ ಬೆಂಚಿನಲ್ಲಿ ಒಂದು ಬೆಕ್ಕು ಬುಟ್ಟಿಯೊಳಗಿನಿಂದಲೇ ತನ್ನ ಅಸಮಾಧಾನವನ್ನು ಹೇಳಿಕೊಳ್ಳುತ್ತಿದೆ. ಸಂತ ಫ್ರಾನ್ಸಿಸ್ಸರಿಗೆ ಇದೆಲ್ಲ ಇಷ್ಟವಾಗುತ್ತಿತ್ತು ಎಂದು ನಮ್ಮ ನಂಬಿಕೆ. ಆದರೆ ಇವತ್ತು ನಾವು ಮಾತನಾಡಬೇಕೆಂದಿರುವುದು ಸದ್ದು ಮಾಡುವ ಪ್ರಾಣಿಗಳ ಬಗ್ಗೆ ಅಲ್ಲ, ಸದ್ದೇ ಮಾಡದೆ ನರಳುವ ಚಿಕ್ಕ ಪ್ರಾಣಿಗಳ ಬಗ್ಗೆ. ಮೊಲ, ಗಿನಿಯಿಲಿ, ಹ್ಯಾಮ್‌ಸ್ಟರ್ ಇಂಥವುಗಳ ಬಗ್ಗೆ. ಹಬ್ಬದ ದಿನ ಇದೆಂಥ ವಿಷಯ ಎಂದು ಹಿರಿಯರು ಅಂದುಕೊಳ್ಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ, ನಡೆದದ್ದನ್ನು ಹೇಳುತ್ತೇವೆ.

ಕಳೆದ ವರ್ಷ ಪಾಸ್ಖ ಹಬ್ಬ ಕಳೆದು ಎರಡು ವಾರವಾಗಿತ್ತು. ಬೆಳಗಿನ ಪೂಜೆಗೆ ಬಾಗಿಲು ತೆರೆಯಲು ಹೋದಾಗ ಲೂರ್ದು ಮಾತೆಯ ಗವಿಯ ಮುಂದೆ ಒಂದು ರಟ್ಟಿನ ಡಬ್ಬ ಇತ್ತು. ಯಾರೋ ಹರಕೆಯ ಮೇಣದ ಬತ್ತಿಗಳನ್ನು ಇಟ್ಟಿದ್ದಾರೆ ಎಂದುಕೊಂಡೆವು. ಮುಚ್ಚಳ ಸರಿಸಿದರೆ ಒಳಗೆ ಎರಡು ಬಿಳಿ ಮೊಲಗಳು, ಒಂದು ಬಾಡಿದ ಕ್ಯಾರೆಟ್ ತುಂಡು, ಮಗುವಿನ ಹಳೆಯ ಟವೆಲು. ಚೀಟಿ ಏನೂ ಇರಲಿಲ್ಲ. ಅವುಗಳ ಕೆಂಪು ಕಣ್ಣು ಮಾತ್ರ ನಮ್ಮನ್ನೇ ನೋಡುತ್ತಿದ್ದವು.

ನಮಗೆ ಸಂತೋಷವೇ ಆಯಿತು, ಒಪ್ಪಿಕೊಳ್ಳುತ್ತೇವೆ. ಗುರುನಿವಾಸದ ಹಿಂದಿನ ಶೀಟಿನ ಕೋಣೆಯಲ್ಲಿ ಜಾಗ ಮಾಡಿದೆವು. ಅಡುಗೆಯ ಅಮ್ಮ ಅನ್ನ ಕೊಟ್ಟರು, ಬ್ರೆಡ್ಡು ಕೊಟ್ಟರು, ಒಂದು ತಟ್ಟೆಯಲ್ಲಿ ಹಾಲು ಇಟ್ಟರು. ಧರ್ಮೋಪದೇಶ ತರಗತಿಯ ಮಕ್ಕಳು ಮನೆಯಿಂದ ಕ್ಯಾರೆಟ್ ತಂದು ತಿನ್ನಿಸಿದರು, ಒಬ್ಬರಾದ ಮೇಲೊಬ್ಬರು ಎತ್ತಿಕೊಂಡು ಮುದ್ದಾಡಿದರು. ಎಲ್ಲರದ್ದೂ ಪ್ರೀತಿಯೇ. ನಾಲ್ಕನೆಯ ದಿನ ಚಿಕ್ಕ ಮೊಲ ಮೂಲೆಯಲ್ಲಿ ಬೆನ್ನು ಗೂನಾಗಿಸಿ ಕೂತಿತು. ಏನನ್ನೂ ಮುಟ್ಟಲಿಲ್ಲ. ಹೊಟ್ಟೆ ತುಂಬಿರಬೇಕು, ನಾಳೆ ಸರಿಹೋಗುತ್ತದೆ ಎಂದು ನಾವೇ ತೀರ್ಪು ಕೊಟ್ಟು ಮಲಗಿದೆವು. ಬೆಳಗಾಗುವುದರೊಳಗೆ ಅದು ಸತ್ತುಹೋಗಿತ್ತು.

ಉಳಿದ ಇನ್ನೊಂದನ್ನು ಅದೇ ಡಬ್ಬದಲ್ಲಿಟ್ಟುಕೊಂಡು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಓಡಿದೆವು. 1958ರಿಂದ ನಾಡಿನ ದನಕರುಗಳಿಗೆ ವೈದ್ಯರನ್ನು ತಯಾರು ಮಾಡುತ್ತಿರುವ ಸಂಸ್ಥೆ ಅದು. ಅಲ್ಲಿನ ವೈದ್ಯೆಯೊಬ್ಬರು ನಾವು ಏನು ತಿನ್ನಿಸಿದೆವು ಎಂದು ಕೇಳಿದರು. ನಾವು ಹೆಮ್ಮೆಯಿಂದಲೇ ಪಟ್ಟಿ ಹೇಳಿದೆವು. ಅವರು ಬಯ್ಯಲಿಲ್ಲ. ಆದರೆ ಒಂದೊಂದನ್ನೇ ಬಿಡಿಸಿ ಹೇಳುತ್ತಾ ಹೋದಂತೆ, ಆ ಚಿಕ್ಕ ಜೀವವನ್ನು ಕೊಂದದ್ದು ಡಬ್ಬದಲ್ಲಿ ಇಟ್ಟುಹೋದವರಲ್ಲ, ನಾವೇ ಎಂಬುದು ಅರ್ಥವಾಯಿತು.

ಮೊಲದ ಆಹಾರ ಹುಲ್ಲು. ಕ್ಯಾರೆಟ್ ಅಲ್ಲ, ಹುಲ್ಲು. ಅದು ತಿನ್ನುವುದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಒಣಹುಲ್ಲು ಅಥವಾ ಹಸಿಹುಲ್ಲು ಆಗಿರಬೇಕು. ಅದರ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ, ನಾರಿನ ಹುಲ್ಲನ್ನು ಅಗಿದು ಅಗಿದೇ ಅದು ಸವೆಯಬೇಕು. ಅನ್ನ, ಬ್ರೆಡ್ಡು ತಿಂದರೆ ಹಲ್ಲು ಸವೆಯುವುದಿಲ್ಲ, ಕರುಳೂ ನಡೆಯುವುದಿಲ್ಲ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ಅದರ ಕರುಳು ನಿಂತರೆ ಗಡಿಯಾರ ನಿಂತಂತೆ. ಒಂದು ಹಗಲಿನಷ್ಟು ಹೊತ್ತು ಮೊಲ ಏನನ್ನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಕುಳಿತರೆ ಕೂಡಲೇ ವೈದ್ಯರ ಬಳಿಗೆ ಓಡಬೇಕಾದ ಸ್ಥಿತಿ ಅದು. ನಾವು ರಾತ್ರಿಯಿಡೀ ಕಾದೆವು. ಹಾಲು ಕೊಟ್ಟದ್ದಂತೂ ಇನ್ನೊಂದು ತಪ್ಪು, ಬೆಳೆದ ಮೊಲಕ್ಕೆ ಹಾಲು ಜೀರ್ಣವಾಗುವುದಿಲ್ಲ. ಚಿತ್ರದ ಪುಸ್ತಕದಲ್ಲಿ ಮೊಲದ ಕೈಯಲ್ಲಿ ಯಾವಾಗಲೂ ಕ್ಯಾರೆಟ್ ಇರುತ್ತದೆ ನೋಡಿ, ಅದನ್ನೇ ನಾವು ವೇದವಾಕ್ಯ ಅಂದುಕೊಂಡಿದ್ದೆವು. ಸಿಹಿ ಇರುವುದರಿಂದ ಅದು ಮೊಲಕ್ಕೆ ಮಿಠಾಯಿ ಇದ್ದಂತೆ. ಎಂದೋ ಒಂದು ತುಂಡು, ಅಷ್ಟೆ.

ಇನ್ನೊಂದು ಮಾತು. ಮೊಲಕ್ಕೆ ನೋವಾದರೆ ಅದು ಅಳುವುದಿಲ್ಲ. ಹದ್ದು, ನರಿ, ನಾಯಿಗಳಿಗೆ ಆಹಾರವಾಗುವ ಪ್ರಾಣಿ ತಾನು ದುರ್ಬಲ ಎಂದು ತೋರಿಸಿಕೊಂಡರೆ ಉಳಿಯುವುದುಂಟೇ? ಆದ್ದರಿಂದ ದೇವರು ಅದಕ್ಕೆ ಮೌನವನ್ನು ಕೊಟ್ಟಿದ್ದಾರೆ. ಅದೇ ಮೌನ ಮನುಷ್ಯರ ಮನೆಯಲ್ಲಿ ಅದಕ್ಕೆ ಶತ್ರುವಾಗುತ್ತದೆ. ಸುಮ್ಮನಿದೆಯಲ್ಲ, ಚೆನ್ನಾಗಿದೆ ಎಂದು ನಾವು ತಿಳಿಯುತ್ತೇವೆ.

ಆ ಡಬ್ಬ ಇಟ್ಟವರು ಯಾರು? ಕೆಲವು ತಿಂಗಳ ಮೇಲೆ ಅವರೇ ಬಂದು ಹೇಳಿದರು. ಪಾಪನಿವೇದನೆಯಲ್ಲಿ ಅಲ್ಲ, ಗೇಟಿನ ಬಳಿ ನಿಂತು. ಹೇಳಬಹುದು ಎಂದು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ, ಇಲ್ಲದಿದ್ದರೆ ಈ ಮಾತು ನಮ್ಮ ಬಾಯಲ್ಲಿ ಬರುತ್ತಿರಲಿಲ್ಲ. ಸೋಲದೇವನಹಳ್ಳಿ ಕಡೆ ಎರಡು ಕೋಣೆಯ ಬಾಡಿಗೆ ಮನೆ. ಮಗಳ ಮೊದಲ ಪರಮಪ್ರಸಾದ ಸ್ವೀಕಾರ. ಆಕೆ ನಾಯಿಮರಿ ಕೇಳಿದ್ದಳು. ನಾಯಿ ಬೊಗಳುತ್ತದೆ, ಮನೆಯ ಮಾಲೀಕರು ಬಿಡುವುದಿಲ್ಲ. ಮೊಲ ಸದ್ದು ಮಾಡುವುದಿಲ್ಲವಲ್ಲ, ಯಾರಿಗೂ ತಿಳಿಯದು ಎಂದು ಅಪ್ಪ ಎರಡು ಮರಿ ಕೊಂಡು ತಂದರು. ಎರಡೂ ಹೆಣ್ಣು ಎಂದು ಮಾರಿದವರು ಹೇಳಿದ್ದರಂತೆ. ಮರಿಯಾಗಿದ್ದಾಗ ಮೊಲದ ಗಂಡು ಹೆಣ್ಣು ಗುರುತಿಸುವುದು ಬಲ್ಲವರಿಗೂ ಕಷ್ಟ. ನಾಲ್ಕೈದು ತಿಂಗಳಿಗೆ ಆರು ಮರಿ ಹುಟ್ಟಿದವು. ಗರ್ಭ ನಿಂತ ಒಂದು ತಿಂಗಳಿಗೇ ಮೊಲ ಈಯುತ್ತದೆ, ಈದ ದಿನವೇ ಮತ್ತೆ ಗರ್ಭ ಧರಿಸಬಲ್ಲದು. ಮರಿಗಳನ್ನು ಅವರಿವರಿಗೆ ಹಂಚಿದರು. ಮನೆಯೆಲ್ಲ ವಾಸನೆ, ಕಡಿದುಹಾಕಿದ ವೈರು, ಮಾಲೀಕರ ಎಚ್ಚರಿಕೆ. ಕೊನೆಗೆ ಒಂದು ರಾತ್ರಿ, ಮಗಳು ಮಲಗಿದ ಮೇಲೆ, ದೇವರ ಮನೆಯಲ್ಲಿ ಬಿಟ್ಟರೆ ಹೇಗೋ ಬದುಕುತ್ತವೆ ಎಂದು ಗವಿಯ ಮುಂದೆ ತಂದಿಟ್ಟರು.

ಅವರನ್ನು ನಾವು ಹೇಗೆ ತೀರ್ಪು ಮಾಡುವುದು? ಅವರು ಕೆಟ್ಟವರಲ್ಲ. ಕೆರೆಯಂಗಳದಲ್ಲಿ ಬಿಟ್ಟು ಬರೋಣ, ಹುಲ್ಲು ತಿಂದು ಬದುಕುತ್ತವೆ ಎಂಬ ಯೋಚನೆಯೂ ಬಂದಿತ್ತಂತೆ. ಮನಸ್ಸು ಒಪ್ಪದೆ ಇಲ್ಲಿಗೆ ತಂದರು. ಅಷ್ಟಾದರೂ ಮಾಡಿದ್ದು ಒಳ್ಳೆಯದಾಯಿತು. ಏಕೆಂದರೆ ಸಾಕಿದ ಬಿಳಿ ಮೊಲವನ್ನು ಚಿಕ್ಕಬಾಣಾವರದ ಕೆರೆಯ ಬಳಿ ಬಿಡುವುದೂ ಒಂದೇ, ನಾಯಿಗಳ ಬಾಯಿಗೆ ಹಾಕುವುದೂ ಒಂದೇ. ಅದು ಈ ನೆಲದ ಪ್ರಾಣಿಯೇ ಅಲ್ಲ. ಅದರ ಪೂರ್ವಜರು ಯೂರೋಪಿನವು. ಬಿಲ ತೋಡಿ ಗುಂಪಿನಲ್ಲಿ ಬಾಳುವ ಜಾತಿ. ನಮ್ಮ ಹೊಲಗಳ ಕಾಡುಮೊಲ ಬೇರೆಯೇ ಜಾತಿ, ಅದು ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಮಲಗುತ್ತದೆ. ಅದರ ಬಣ್ಣ ಮಣ್ಣಿನ ಬಣ್ಣ. ನೂರಾರು ವರ್ಷ ಮನುಷ್ಯರ ಗೂಡಿನಲ್ಲಿ ಬೆಳೆದ ಬಿಳಿ ಮೊಲಕ್ಕೆ ಅಡಗಿಕೊಳ್ಳುವ ಬಣ್ಣವೂ ಇಲ್ಲ, ಓಡುವ ಬುದ್ಧಿಯೂ ಉಳಿದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? ಆ ಕಾಯಿದೆ ಬರೆದಿರುವುದು ಹತ್ತರಿಂದ ಐವತ್ತು ರೂಪಾಯಿ. ಇಷ್ಟು ಅಗ್ಗದ ಕಾನೂನನ್ನು ನಂಬಿಕೊಂಡು ಕೂರುವಂತಿಲ್ಲ.

ಈಗ ನಮ್ಮ ಹಬ್ಬದ ಸಂತರ ಕಡೆಗೆ ಬರೋಣ. ಸಂತ ಫ್ರಾನ್ಸಿಸ್ಸರು 1226ರಲ್ಲಿ ತೀರಿಕೊಂಡ ಎರಡು ಮೂರು ವರ್ಷಗಳಲ್ಲೇ ಅವರ ಮೊದಲ ಜೀವನಚರಿತ್ರೆಯನ್ನು ಬರೆದವರು ಚೆಲಾನೊದ ಥಾಮಸ್ ಎಂಬ ಸಹೋದರರು. ಅದರಲ್ಲಿ ಒಂದು ಮೊಲದ ಕಥೆ ಇದೆ. ನಡೆದದ್ದು ಗ್ರೆಚ್ಚಿಯೊ ಎಂಬ ಊರಿನಲ್ಲಿ. 1223ರ ಕ್ರಿಸ್ತಜಯಂತಿಯಂದು ಫ್ರಾನ್ಸಿಸ್ಸರು ಎತ್ತು, ಕತ್ತೆಗಳನ್ನು ನಿಲ್ಲಿಸಿ ಗೋದಲಿ ಏರ್ಪಡಿಸಿದ್ದು ಅದೇ ಊರು. ಉರುಲಿಗೆ ಸಿಕ್ಕಿದ್ದ ಕಾಡುಮೊಲವನ್ನು ಒಬ್ಬ ಸಹೋದರ ಜೀವಂತವಾಗಿ ತಂದರು. ಫ್ರಾನ್ಸಿಸ್ಸರು ಅದನ್ನು ತಮ್ಮ ಎಂದು ಕರೆದು, ಹೀಗೇಕೆ ಮೋಸಹೋದೆ ಎಂದು ಕೇಳಿದರಂತೆ. ಬಿಟ್ಟ ಕೂಡಲೇ ಅದು ಓಡಿಹೋಗಿ ಅವರ ಮಡಿಲಿಗೇ ಸೇರಿತು. ತಾಯಿ ಮಗುವನ್ನು ನೇವರಿಸುವಂತೆ ನೇವರಿಸಿ ನೆಲಕ್ಕೆ ಬಿಟ್ಟರು, ಹೋಗು ಎಂದು. ಅದು ಮತ್ತೆ ಮಡಿಲಿಗೇ ಬಂತು. ಎಷ್ಟು ಸಲ ಬಿಟ್ಟರೂ ಬಂತು. ಕೊನೆಗೆ ಸಹೋದರರಿಗೆ ಹೇಳಿ ಅದನ್ನು ಹತ್ತಿರದ ಕಾಡಿಗೆ ಒಯ್ದು ಬಿಡಿಸಿದರು.

ಈ ಕಥೆಯನ್ನು ಸೆಮಿನರಿಯ ದಿನಗಳಿಂದ ಎಷ್ಟೋ ಸಲ ಓದಿದ್ದೇವೆ. ಮೊಲ ಮಡಿಲಿಗೆ ಬಂದದ್ದೇ ಅದರ ಸೊಬಗು ಎಂದುಕೊಂಡಿದ್ದೆವು. ಆ ಡಬ್ಬದ ಪ್ರಸಂಗವಾದ ಮೇಲೆ ಕೊನೆಯ ಸಾಲು ಕಣ್ಣಿಗೆ ಬಿತ್ತು. ಮಡಿಲಲ್ಲಿ ಇಟ್ಟುಕೊಳ್ಳಲು ಅವರಿಗೆ ಎಷ್ಟು ಆಸೆ ಇದ್ದಿರಬೇಕು! ಆದರೂ ಮೊಲಕ್ಕೆ ಬೇಕಾದದ್ದು ಕಾಡು ಎಂದು ಅವರಿಗೆ ತಿಳಿದಿತ್ತು. ತಮಗೆ ಬೇಕಾದ್ದನ್ನು ಕೇಳಲಿಲ್ಲ, ಅದಕ್ಕೆ ಬೇಕಾದ್ದನ್ನು ಕೇಳಿದರು. ಮತ್ತೊಂದು ಕಥೆ ಅವರ 'ಪುಟ್ಟ ಹೂಗಳು' ಎಂಬ ಹಳೆಯ ಸಂಗ್ರಹದಲ್ಲಿದೆ. ಪಾರಿವಾಳದಂಥ ಕಾಡುಹಕ್ಕಿಗಳನ್ನು ಹಿಡಿದು ಮಾರಲು ಹೊರಟಿದ್ದ ಹುಡುಗನ ಬಳಿ ಅವುಗಳನ್ನು ಬೇಡಿ ತಂದರು. ತಂದು ಏನು ಮಾಡಿದರು? ಅಯ್ಯೋ ಪಾಪ ಎಂದು ಕೂರಲಿಲ್ಲ. ಅವುಗಳಿಗೆ ಗೂಡು ಕಟ್ಟಿಕೊಟ್ಟರು.

ಈ ಎರಡು ಕಥೆಗಳನ್ನು ನಮ್ಮ ಊರಿನ ಮಕ್ಕಳಿಗೆ ಹೇಳುವಾಗ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹೆಸರಘಟ್ಟದ ಹುಲ್ಲುಗಾವಲಿನ ಕಡೆ ಆಡಲು ಹೋದಾಗ ಕಾಡುಮೊಲದ ಮರಿ ಒಂಟಿಯಾಗಿ ಮಲಗಿರುವುದು ಕಾಣಬಹುದು. ಅನಾಥ ಎಂದು ಎತ್ತಿಕೊಂಡು ಬರಬೇಡಿ. ಕಾಡುಮೊಲದ ಮರಿ ಕಣ್ಣು ತೆರೆದೇ, ಮೈತುಂಬ ಕೂದಲಿನೊಂದಿಗೇ ಹುಟ್ಟುತ್ತದೆ. ವಾಸನೆ ಹಿಡಿದು ನರಿ, ನಾಯಿ ಬಾರದಿರಲಿ ಎಂದು ತಾಯಿ ಹಗಲೆಲ್ಲ ದೂರವಿದ್ದು, ಕತ್ತಲಾದ ಮೇಲೆ ಬಂದು ಹಾಲುಣಿಸಿ ಹೋಗುತ್ತದೆ. ನೀವು ಅದನ್ನು ಕಾಪಾಡಿದಿರಿ ಎಂದುಕೊಂಡು ತಂದರೆ ತಾಯಿಯಿಂದ ಕದ್ದಂತಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದನ್ನು ಸಾಕಲು ಬಿಡುವುದಿಲ್ಲ. ಮನೆಯ ಪಂಜರದಲ್ಲಿ ಹಸಿರು ಗಿಳಿ ಇಟ್ಟುಕೊಂಡವರಿಗೂ, ಅದೃಷ್ಟಕ್ಕೆಂದು ನಕ್ಷತ್ರ ಆಮೆ ತಂದವರಿಗೂ ಇದೇ ಕಾಯಿದೆ ಅನ್ವಯಿಸುತ್ತದೆ. ನಮ್ಮ ಧರ್ಮಕೇಂದ್ರದಲ್ಲಿ ಅಂಥ ಮನೆಗಳು ಒಂದೂ ಇಲ್ಲ ಎಂದು ನಾವು ಹೇಳಲಾರೆವು, ಮನೆ ಆಶೀರ್ವಾದಕ್ಕೆ ಬಂದಾಗ ನೋಡಿದ್ದೇವೆ. ಗಾಯಗೊಂಡ ಕಾಡುಪ್ರಾಣಿ ಸಿಕ್ಕರೆ ಅರಣ್ಯ ಇಲಾಖೆ ಇದೆ, ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ.

ಆದರೆ ಸಾಕುಮೊಲಕ್ಕೆ ಹಿಂದಿರುಗಲು ಕಾಡಿಲ್ಲ. ಅದಕ್ಕೆ ಇರುವುದು ಮನುಷ್ಯರ ಮನೆ ಮಾತ್ರ. ಅದನ್ನು ಅಲ್ಲಿಗೆ ತಂದವರೂ ನಾವೇ.

ಪಶ್ಚಿಮದ ದೇಶಗಳಲ್ಲಿ ಪಾಸ್ಖ ಹಬ್ಬಕ್ಕೂ ಮೊಲಕ್ಕೂ ನಂಟು ಕಲ್ಪಿಸಿದ್ದಾರೆ. ಮೊಟ್ಟೆ ತರುವ ಮೊಲದ ಆ ಕಥೆ 1682ರಲ್ಲೇ ಜರ್ಮನ್ ನಾಡಿನ ವೈದ್ಯನೊಬ್ಬನ ಬರವಣಿಗೆಯಲ್ಲಿ ಕಾಣಿಸುತ್ತದೆ. ಶುಭಸಂದೇಶದಲ್ಲಿ ಅದರ ಸುಳಿವೂ ಇಲ್ಲ. ಹಬ್ಬಕ್ಕೆ ಮಕ್ಕಳಿಗೆ ಮೊಲ ಕೊಡಿಸಿ, ಕೆಲವು ತಿಂಗಳಲ್ಲಿ ಬೇಸರ ಬಂದು ಆಶ್ರಯಧಾಮಕ್ಕೆ ಬಿಡುವುದು ಅಲ್ಲಿ ಹಳೆಯ ರೋಗ. ಈಗ ಚಾಕೊಲೇಟಿನ ಮೊಲ ನಮ್ಮ ಬೇಕರಿಗಳಿಗೂ ಬಂದಿದೆ. ಅದು ಬರಲಿ, ಕರಗಿ ಹೋಗುತ್ತದೆ. ಜೀವ ಇರುವ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ಮೊದಲ ಪರಮಪ್ರಸಾದದ ದಿನ ಕೊಡಿಸಿದ ಮೊಲ, ಮಗಳು ಪಿಯುಸಿ ಮುಗಿಸುವಾಗಲೂ ಮನೆಯ ಮೂಲೆಯಲ್ಲಿ ಹುಲ್ಲಿಗೆ ಕಾಯುತ್ತಿರುತ್ತದೆ. ಶಿವಾಜಿನಗರದ ಮರಿಯಮ್ಮನವರ ಹಬ್ಬಕ್ಕೆ ಹೋದಾಗ ಮಾರುಕಟ್ಟೆಯ ಬೀದಿಯಲ್ಲಿ ಪಂಜರದ ಮುಂದೆ ನಿಂತು ಮಗು ಅಳುತ್ತದೆ, ಅಪ್ಪ ಜೇಬಿಗೆ ಕೈ ಹಾಕುತ್ತಾರೆ. ಆ ಒಂದು ಗಳಿಗೆಯಲ್ಲಿ ಹತ್ತು ವರ್ಷದ ಮಾತು ಕೊಟ್ಟುಬಿಟ್ಟೆವೆಂದು ಅವರಿಗೆ ತಿಳಿದಿರುವುದಿಲ್ಲ.

ಹಾಗಾದರೆ ಸಾಕುವುದೇ ಬೇಡವೇ? ಹಾಗಲ್ಲ. ಸಾಕುವ ಮನಸ್ಸಿದ್ದರೆ, ಮನೆ ಕಳೆದುಕೊಂಡವನ್ನು ಸಾಕಿ. ನಮ್ಮ ನಗರದಲ್ಲಿ ಇಂಥವುಗಳಿಗಾಗಿ ದುಡಿಯುವವರು ಇದ್ದಾರೆ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಜೈಪುರದಲ್ಲಿ ಪ್ರಾಣಿಗಳ ಆಶ್ರಯಧಾಮ ಕಟ್ಟಿ, ಎಂಬತ್ತು ದಾಟಿದ ವಯಸ್ಸಿನಲ್ಲಿ 1991ರಲ್ಲಿ ಬೆಂಗಳೂರಿನಲ್ಲಿ 'ಕುಪಾ' ಸಂಸ್ಥೆಯನ್ನು ಆರಂಭಿಸಿದರು. ವಿಶ್ರಾಂತಿ ಪಡೆಯುವ ವಯಸ್ಸಿನಲ್ಲಿ ಹೊಸ ಕೆಲಸ! ನಮ್ಮ ಉತ್ತರ ಭಾಗದಲ್ಲೇ, ಯಲಹಂಕದ ಆಚೆ ಮಿಟ್ಟಗಾನಹಳ್ಳಿಯಲ್ಲಿ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ. ನಾಯಿ ಬೆಕ್ಕುಗಳೇ ಹೆಚ್ಚಾಗಿ ಬಂದು ತುಂಬುವ ಇಂಥ ಆಶ್ರಯಧಾಮಗಳಿಗೆ, ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದಲೋ, ಮುಚ್ಚಿದ ಅಂಗಡಿಯಿಂದಲೋ ಮೊಲ, ಗಿನಿಯಿಲಿಗಳೂ ಬಂದು ಸೇರುತ್ತವೆ. ಅವುಗಳನ್ನು ಕೇಳುವವರು ಕಡಿಮೆ.

ನಮ್ಮ ಡಬ್ಬದ ಎರಡನೆಯ ಮೊಲವೂ ಹೀಗೆ ಒಂದು ಆಶ್ರಯಧಾಮಕ್ಕೆ ಹೋಯಿತು. ಅಲ್ಲಿ ಅದಕ್ಕೆ ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿದರು. ಇದು ಕ್ರೂರ ಎಂದು ಕೆಲವರು ಹೇಳುತ್ತಾರೆ. ಹೆಣ್ಣು ಮೊಲಕ್ಕೆ ಇದನ್ನು ಮಾಡಿಸದಿದ್ದರೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಬಹಳ ಹೆಚ್ಚು ಎಂದು ವೈದ್ಯೆ ಹೇಳಿದ್ದರು. ಎರಡು ತಿಂಗಳ ಮೇಲೆ ನಮ್ಮದೇ ಧರ್ಮಕೇಂದ್ರದ ಒಂದು ಕುಟುಂಬ ಅದನ್ನು ಮನೆಗೆ ತಂದಿತು. ಆಶ್ರಯಧಾಮದವರು ಅವರನ್ನು ಕೇಳಿದ ಪ್ರಶ್ನೆಗಳು ಒಂದೆರಡಲ್ಲ. ಮನೆ ಬಾಡಿಗೆಯದೋ ಸ್ವಂತದ್ದೋ? ಮಾಲೀಕರ ಒಪ್ಪಿಗೆ ಇದೆಯೇ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಊರಿಗೆ ಹೋದರೆ ಯಾರು ನೋಡುತ್ತಾರೆ? ಮನೆಯಲ್ಲಿ ಎಲ್ಲರಿಗೂ ಇಷ್ಟವಿದೆಯೇ? ಮನೆಗೇ ಬಂದು ನೋಡಿದರು. ಆ ಯಜಮಾನರು ನಮ್ಮ ಬಳಿ ಗೊಣಗಿದರು, ಫಾದರ್, ಹೆಣ್ಣು ಕೇಳಲು ಹೋದಾಗಲೂ ನಮ್ಮನ್ನು ಇಷ್ಟು ವಿಚಾರಿಸಲಿಲ್ಲ ಎಂದು. ವಿಚಾರಿಸಲಿ. ಅಂಗಡಿಯಲ್ಲಿ ಯಾರಾದರೂ ಇದರಲ್ಲಿ ಒಂದು ಪ್ರಶ್ನೆ ಕೇಳಿದ್ದರೂ ನಮ್ಮ ಗವಿಯ ಮುಂದೆ ಡಬ್ಬ ಬರುತ್ತಿರಲಿಲ್ಲ.

ಆ ಮನೆಯಲ್ಲಿ ಅಜ್ಜಿಗೆ ಮಾತ್ರ ಇಷ್ಟವಿರಲಿಲ್ಲ. ಮೊಲ ತನ್ನದೇ ಮೆತ್ತನೆಯ ಹಿಕ್ಕೆಯನ್ನು ತಿನ್ನುವುದನ್ನು ಕಂಡು ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ತಾಯಂದಿರೇ, ಅಸಹ್ಯಪಡಬೇಡಿ. ಹಸು ಮೆಲುಕು ಹಾಕುವಂತೆಯೇ ಅದೂ ಒಂದು. ಒಂದೇ ಸಲಕ್ಕೆ ಜೀರ್ಣವಾಗದ ಸತ್ವವನ್ನು ಮೊಲ ಹೀಗೆ ಎರಡನೆಯ ಸಲ ಪಡೆಯುತ್ತದೆ. ತಡೆದರೆ ಕಾಯಿಲೆ ಬೀಳುತ್ತದೆ. ಈಗ ಅಜ್ಜಿಯೇ ಕೊತ್ತಂಬರಿಯ ದಂಟು, ಪುದೀನದ ಕಡ್ಡಿ ಎತ್ತಿಡುತ್ತಾರೆ. ತೋಟದವರಿಂದ ಹಿಪ್ಪುನೇರಳೆ ಸೊಪ್ಪು ಕೇಳಿ ತರುತ್ತಾರೆ. ರಸ್ತೆ ಬದಿಯ ಗರಿಕೆ ಕೀಳುವಾಗ ಅದರಲ್ಲಿ ಕಾಂಗ್ರೆಸ್ ಗಿಡ ಸೇರದಂತೆ, ಔಷಧಿ ಹೊಡೆದ ಜಾಗದ ಹುಲ್ಲು ಬಾರದಂತೆ ಮೊಮ್ಮಕ್ಕಳಿಗೆ ಪಾಠ ಹೇಳುತ್ತಾರೆ. ಕಳೆದ ಬೇಸಿಗೆಯಲ್ಲಿ ಬಿಸಿಲು ಏರಿದಾಗ ನೀರಿನ ಬಾಟಲಿಯನ್ನು ಫ್ರಿಜ್ಜಿನಲ್ಲಿ ಗಟ್ಟಿಮಾಡಿ, ಬಟ್ಟೆ ಸುತ್ತಿ ಮೊಲದ ಪಕ್ಕದಲ್ಲಿಟ್ಟವರೂ ಅವರೇ. ಮೊಲಕ್ಕೆ ಬೆವರಿ ಮೈ ತಣ್ಣಗೆ ಮಾಡಿಕೊಳ್ಳಲು ಬರುವುದಿಲ್ಲ, ಕಿವಿಯಿಂದಲೇ ಶಾಖ ಹೊರಹೋಗಬೇಕು. ನಮ್ಮ ಶೀಟಿನ ಕೋಣೆಯನ್ನು ನೆನೆದರೆ ಇವತ್ತಿಗೂ ನಮಗೆ ನಾಚಿಕೆಯಾಗುತ್ತದೆ. ಮಕ್ಕಳು ಅದಕ್ಕೆ ಹತ್ತಿ ಎಂದು ಹೆಸರಿಟ್ಟಿದ್ದಾರೆ.

ಈಗ ಒಂದು ಕಠಿಣ ಪ್ರಶ್ನೆ. ವಿನ್ಸೆಂಟ್ ದೆ ಪಾಲ್ ಸಭೆಯ ಹಿರಿಯರೊಬ್ಬರು ನಮ್ಮನ್ನು ನೇರವಾಗಿ ಕೇಳಿದರು: ಕೆರೆಯ ಆಚೆ ಕೂಲಿಯವರ ಮಕ್ಕಳಿಗೆ ಹಾಲಿಲ್ಲ, ನೀವು ಮೊಲಕ್ಕೆ ಆಪರೇಷನ್ ಮಾಡಿಸುತ್ತೀರಾ? ಸರಿಯಾದ ಪ್ರಶ್ನೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಎರಡನ್ನೂ ಹೇಳುತ್ತದೆ. ಪ್ರಾಣಿಗಳನ್ನು ವಿನಾಕಾರಣ ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೇ ವಿರುದ್ಧ ಎನ್ನುತ್ತದೆ. ಜೊತೆಗೇ, ಮನುಷ್ಯರ ಕಷ್ಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ ಎನ್ನುತ್ತದೆ. ನಾಯಿಗೆ ರೇಷ್ಮೆ ಅಂಗಿ ಹೊಲಿಸಿ ಹುಟ್ಟುಹಬ್ಬ ಆಚರಿಸಿ, ಮನೆಗೆಲಸದವಳ ಸಂಬಳ ತಡಮಾಡುವವರನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಒಂದನ್ನು ಗಮನಿಸಿ. ಹಣ ಖರ್ಚಾಗುವುದು ಅಂಗಡಿಯಿಂದ ಕೊಂಡಾಗ, ಒಂದು ಎಂಟಾದಾಗ. ಬಿಟ್ಟುಹೋದ ಒಂದನ್ನು ಮನೆಗೆ ತಂದು ಸೊಪ್ಪಿನ ದಂಟು, ಗರಿಕೆ ಹಾಕುವ ಮನೆ ಬಡವರ ಪಾಲನ್ನು ಕಸಿಯುವುದಿಲ್ಲ. ಆ ಹಿರಿಯರು ಇದನ್ನು ಪೂರ್ತಿ ಒಪ್ಪಿಲ್ಲ. ನಮ್ಮ ವಾದ ಇನ್ನೂ ನಡೆದಿದೆ. ಒಪ್ಪದಿದ್ದರೂ ಇವತ್ತು ಬಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ, ಅದಕ್ಕೆ ವಂದನೆ.

ಪವಿತ್ರ ಗ್ರಂಥದಲ್ಲಿ ನಾತಾನ್ ಪ್ರವಾದಿ ದಾವೀದ ರಾಜನಿಗೆ ಹೇಳಿದ ಕಥೆ ನಿಮಗೆ ನೆನಪಿರಬಹುದು. ಒಬ್ಬ ಬಡವ. ಅವನಿಗೆ ಇದ್ದದ್ದು ಒಂದೇ ಒಂದು ಹೆಣ್ಣು ಕುರಿಮರಿ. ಅದು ಅವನ ಮಕ್ಕಳ ಜೊತೆ ಬೆಳೆಯಿತು, ಅವನ ತುತ್ತಿನಲ್ಲಿ ತಿಂದಿತು, ಅವನ ಎದೆಯ ಮೇಲೆ ಮಲಗಿತು, ಮಗಳಂತೆ ಇತ್ತು. ಪಕ್ಕದ ಶ್ರೀಮಂತ ಅದನ್ನೇ ಕಸಿದು ಅತಿಥಿಗೆ ಅಡುಗೆ ಮಾಡಿಸಿದ. ಕೇಳಿದ ದಾವೀದನಿಗೆ ಕೋಪ ಉಕ್ಕಿತು. ಊರೀಯನಿಗೆ ಮಾಡಿದ ದ್ರೋಹದಿಂದ ಕಲ್ಲಾಗಿದ್ದ ರಾಜನ ಮನಸ್ಸನ್ನು ಒಡೆಯಲು ಪ್ರವಾದಿ ಆರಿಸಿಕೊಂಡದ್ದು ಒಂದು ಸಾಕುಪ್ರಾಣಿಯ ಕಥೆಯನ್ನು. ಬಡವನಿಗೂ ಕುರಿಮರಿಗೂ ಇದ್ದ ಪ್ರೀತಿಯನ್ನು ನಾತಾನ್ ಹುಚ್ಚುತನ ಎನ್ನಲಿಲ್ಲ. ನಮ್ಮ ಊರಿನಲ್ಲಿ ಮೊಲವನ್ನು ಮಾಂಸಕ್ಕಾಗಿ ಸಾಕುವವರೂ ಇದ್ದಾರೆ, ಅದರ ಮಾತು ಬೇರೆ. ಈ ಹಬ್ಬದ ಮಧ್ಯಾಹ್ನ ಮಟನ್ ಸಾರು ಉಣ್ಣಲಿರುವ ನಾವು ಅದರ ಬಗ್ಗೆ ಉಪದೇಶ ಮಾಡುವಷ್ಟು ಅರ್ಹರಲ್ಲ. ಆದರೆ ಎದೆಯ ಮೇಲೆ ಮಲಗಿಸಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು ತಂದದ್ದನ್ನು ರಾತ್ರಿ ಡಬ್ಬದಲ್ಲಿ ಬಿಟ್ಟುಬರುವುದು ಬೇರೆ.

ನಾವು ಬದಲಾಗಬಲ್ಲೆವು ಎಂಬುದಕ್ಕೆ ಒಂದು ಉದಾಹರಣೆ. ಶಾಂಪೂ, ಸೋಪುಗಳು ಮನುಷ್ಯರ ಕಣ್ಣಿಗೆ ಉರಿ ತರುತ್ತವೆಯೋ ಎಂದು ತಿಳಿಯಲು ದಶಕಗಳ ಕಾಲ ಮೊಲದ ಕಣ್ಣಿಗೆ ಹಾಕಿ ಪರೀಕ್ಷಿಸುತ್ತಿದ್ದರು. ಮೊಲವನ್ನೇ ಆರಿಸಿಕೊಂಡದ್ದು ಅದು ಸಾಧು ಪ್ರಾಣಿ, ಅಗ್ಗ, ಹಿಡಿದು ಕೂರಿಸುವುದು ಸುಲಭ ಎಂದು. 2014ರಲ್ಲಿ ನಮ್ಮ ದೇಶ ಪ್ರಸಾಧನ ಸಾಮಗ್ರಿಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸುವುದನ್ನು ನಿಷೇಧಿಸಿತು, ಅದೇ ವರ್ಷ ಹಾಗೆ ಪರೀಕ್ಷಿಸಿದ ಸಾಮಗ್ರಿಗಳ ಆಮದನ್ನೂ ನಿಲ್ಲಿಸಿತು. 2018ರ ನಿಯಮಗಳ ಪ್ರಕಾರ ಸಾಕುಪ್ರಾಣಿಗಳ ಅಂಗಡಿಯೂ ನೋಂದಣಿ ಮಾಡಿಸಿಕೊಳ್ಳಬೇಕು. ನೋಂದಣಿಯ ಪತ್ರ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಎಷ್ಟು ಜನ ಕೇಳುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.

ಗಿನಿಯಿಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಕಾರಣ ಆಮೇಲೆ ತಿಳಿಯುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ಈ ಪ್ರಾಣಿಗೆ ನಮ್ಮಂತೆಯೇ ವಿಟಮಿನ್ ಸಿ ಯನ್ನು ಮೈಯೊಳಗೆ ತಯಾರಿಸಿಕೊಳ್ಳಲು ಬರುವುದಿಲ್ಲ. ಹುಲ್ಲಿನ ಜೊತೆ ಒಂದು ಚೂರು ಸೀಬೆಹಣ್ಣೋ, ದಪ್ಪ ಮೆಣಸಿನಕಾಯಿಯೋ ದಿನವೂ ಬೇಕು. ಇಲ್ಲದಿದ್ದರೆ ಕೀಲು ಊದಿ, ಒಸಡಿನಲ್ಲಿ ರಕ್ತ ಬಂದು 'ಸ್ಕರ್ವಿ' ಎಂಬ ಕಾಯಿಲೆ ಬರುತ್ತದೆ, ಹಿಂದೆ ಹಡಗಿನ ನಾವಿಕರಿಗೆ ಬರುತ್ತಿದ್ದದ್ದೇ. ಒಂಟಿಯಾಗಿ ಇಟ್ಟರೆ ಕೊರಗುತ್ತದೆ, ಎರಡು ಒಟ್ಟಿಗೆ ಇರಬೇಕು, ಅದೂ ಎರಡೂ ಹೆಣ್ಣೋ ಎರಡೂ ಗಂಡೋ ಎಂದು ವೈದ್ಯರಿಗೆ ತೋರಿಸಿ. ಹ್ಯಾಮ್‌ಸ್ಟರ್ ಇದಕ್ಕೆ ತದ್ವಿರುದ್ಧ. ಅದು ಒಂಟಿಯಾಗಿಯೇ ಇರಬೇಕು, ಜೊತೆಗಾರ ಬಂದರೆ ಕಚ್ಚಾಡಿ ಸಾಯುತ್ತದೆ. ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಓಡುತ್ತದೆ, ಎರಡು ಮೂರು ವರ್ಷ ಮಾತ್ರ ಬದುಕುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಅದು ಹೊಂದುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಕೆಲವೇ ದಿನಗಳಲ್ಲಿ ದೀಪಾವಳಿ. ಪಟಾಕಿಯ ಸದ್ದಿಗೆ ಮೊಲ ಬೆದರಿ ಸತ್ತೇಹೋಗಬಹುದು. ಮೊಲ, ಗಿನಿಯಿಲಿ ಇರುವವರು ಅಂದು ಅವನ್ನು ಒಳಕೋಣೆಯಲ್ಲಿ, ಕಿಟಕಿ ಮುಚ್ಚಿ, ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಇಟ್ಟು ನೋಡಿಕೊಳ್ಳಿ.

ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ಪ್ರಾಣಿಗಳ ಆಶೀರ್ವಾದ ಇದೆ. ನಾಯಿ ತಂದವರು ಗೇಟಿನ ಕಡೆ ಹಗ್ಗ ಹಿಡಿದು ನಿಲ್ಲಿ. ಮೊಲ, ಗಿನಿಯಿಲಿ ತಂದವರು ಗವಿಯ ಪಕ್ಕದ ನೆರಳಿಗೆ ಬನ್ನಿ, ಬುಟ್ಟಿಯಿಂದ ಹೊರಗೆ ತೆಗೆಯಬೇಡಿ, ತೀರ್ಥವನ್ನು ನಾವು ಬುಟ್ಟಿಯ ಮೇಲೆಯೇ ಚಿಮುಕಿಸುತ್ತೇವೆ. ಮಕ್ಕಳೇ, ಹತ್ತಿ ಬಂದಿದೆ, ನೋಡಬಹುದು. ಕಿವಿ ಹಿಡಿದು ಎತ್ತುವಂತಿಲ್ಲ. ಮೊಲದ ಬೆನ್ನೆಲುಬು ಬಹಳ ಸೂಕ್ಷ್ಮ, ಗಾಬರಿಯಿಂದ ಒದ್ದರೆ ತಾನೇ ಮುರಿದುಕೊಳ್ಳುತ್ತದೆ. ನೆಲದ ಮೇಲೆ ಕುಳಿತು, ಕೈ ಚಾಚಿ, ಅದೇ ಹತ್ತಿರ ಬರುವವರೆಗೆ ಕಾಯಿರಿ.

ಹಾಗೆಯೇ, ಆಶ್ರಯಧಾಮದಿಂದ ಎರಡು ಕಂದು ಗಿನಿಯಿಲಿಗಳ ಫೋಟೋ ಕಳಿಸಿದ್ದಾರೆ, ಅಕ್ಕತಂಗಿಯರು, ಹೌದೆಂದು ವೈದ್ಯರೂ ಹೇಳಿದ್ದಾರೆ. ಸಭಾಂಗಣದ ಬಾಗಿಲಿಗೆ ಅಂಟಿಸಿದ್ದೇವೆ. ಬೇಕೆನ್ನುವವರು ಇವತ್ತೇ ಹೆಸರು ಕೊಡಬೇಡಿ. ಮನೆಗೆ ಹೋಗಿ ಎಲ್ಲರೊಂದಿಗೂ, ಮುಖ್ಯವಾಗಿ ಅಜ್ಜಿಯೊಂದಿಗೂ ಮನೆಯ ಮಾಲೀಕರೊಂದಿಗೂ ಮಾತಾಡಿ. ಮುಂದಿನ ಭಾನುವಾರ ಎರಡನೆಯ ಪೂಜೆಯಾದ ಮೇಲೆ ಬಂದು ನಮ್ಮನ್ನು ಕಾಣಿ.